777 ಎಂಬ ಮೂರು ಅಂಕಿಗಳ ಚರಿತ್ರೆ

ನಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಒಂದು ಲಿನಕ್ಸ್ ಕಂಪ್ಯೂಟರ್ ಇದೆ. ಗಾಯನವೃಂದದ ಹಾಡುಗಳ ಫೋಲ್ಡರನ್ನು ಎಲ್ಲರೂ ತೆರೆಯುವಂತಾಗಲಿ ಎಂದು ನಮ್ಮಲ್ಲೊಬ್ಬರು ‘ಚ್‌ಮೋಡ್’ ಎಂಬ ಕಮಾಂಡ್ ಕೊಟ್ಟರು. ಓರೆಗೆರೆಗೆ ಮೊದಲು ಬರಬೇಕಾದ ಒಂದು ಚುಕ್ಕಿ ಬಿಟ್ಟುಹೋಯಿತು. ಅಷ್ಟಕ್ಕೇ ಆ ಫೋಲ್ಡರ್ ಬದಲು ಇಡೀ ಕಂಪ್ಯೂಟರಿನ ಫೈಲುಗಳೆಲ್ಲ 777 ಆದವು. ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿದ್ದದ್ದೂ ಅದರಲ್ಲೇ. ಅವನ್ನು ಉಳಿಸಿಕೊಳ್ಳಲು ಹೊರಟಾಗ ಈ ಅಂಕಿಗಳ ಹಿಂದಿನ ಕಥೆಯೂ ಸಿಕ್ಕಿತು.

ಓದಲು 4, ತಿದ್ದಲು 2, ಚಲಾಯಿಸಲು 1. ಕೂಡಿದರೆ 7. ಮೊದಲ ಅಂಕಿ ಫೈಲಿನ ಒಡೆಯನದು, ಎರಡನೆಯದು ಗುಂಪಿನದು, ಮೂರನೆಯದು ಉಳಿದವರದು. 777 ಎಂದರೆ ಎಲ್ಲರಿಗೂ ಎಲ್ಲ ಅನುಮತಿ.

ಇದು ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ. 1969ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮುಂತಾದವರು ಅಲ್ಲಿ ಯೂನಿಕ್ಸ್ ಕಟ್ಟತೊಡಗಿದರು. ಒಂದೇ ಯಂತ್ರವನ್ನು ಹಲವರು ಬಳಸುವುದಾದರೆ ಯಾರ ಫೈಲು ಯಾರಿಗೆ ಎಂಬ ಕಟ್ಟಳೆ ಬೇಕಲ್ಲವೇ? 1971ರ ನವೆಂಬರಿನ ಮೊದಲ ಕೈಪಿಡಿಯಲ್ಲೇ ಚ್‌ಮೋಡ್ ಇದೆ. ಆಗ ಇದ್ದದ್ದು ಒಡೆಯ ಮತ್ತು ಇತರರು, ಇಬ್ಬರೇ. ಗುಂಪು ಬಂದದ್ದು ಆಮೇಲೆ.

ರಿಚಿಯವರ ಜಾಣತನ ಕಾಣುವುದು ‘ಸೆಟ್‌ಯುಐಡಿ’ ಎಂಬ ಚಿಕ್ಕ ಗುರುತಿನಲ್ಲಿ. ಪಾಸ್‌ವರ್ಡ್‌ಗಳ ಫೈಲನ್ನು ಮೇಲ್ವಿಚಾರಕ ಮಾತ್ರ ತಿದ್ದಬಹುದು. ಹಾಗಾದರೆ ನನ್ನ ಪಾಸ್‌ವರ್ಡ್ ನಾನೇ ಬದಲಿಸುವುದು ಹೇಗೆ? ಆ ಗುರುತಿರುವ ಪ್ರೋಗ್ರಾಮು ನಡೆಯುವಷ್ಟು ಹೊತ್ತು ಅದಕ್ಕೆ ತನ್ನ ಒಡೆಯನ ಅಧಿಕಾರ ಇರುತ್ತದೆ. ಪೂಜೆ ಮುಗಿಯುವವರೆಗೆ ಮಾತ್ರ ಬೀಗದ ಕೈಯನ್ನು ಪೀಠಬಾಲಕನ ಕೈಗೆ ಕೊಟ್ಟ ಹಾಗೆ. 1973ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1979ರಲ್ಲಿ ಸಿಕ್ಕಿತು. ಮುಂದೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು.

777 ಕೊಟ್ಟರೆ ಅಳಿಸಿಹೋಗುವುದು ಇದೇ ಗುರುತು. ಆಗ ಮೇಲ್ವಿಚಾರಕನ ಅಧಿಕಾರ ಕೊಡಿಸುವ ‘ಸುಡೊ’ ಕೈಕೊಡುತ್ತದೆ, ಅದೂ ಅತ್ಯಂತ ಬೇಕಾದ ಹೊತ್ತಿನಲ್ಲಿ! ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಕೂಡ, ಎಲ್ಲರಿಗೂ ಕಾಣುವ ಗುಟ್ಟಿನ ಕೀಲಿಯನ್ನು ಒಪ್ಪುವುದಿಲ್ಲ.

ಹಿಂದಿನ ಅಂಕಿ ಏನಿತ್ತೆಂದು ಯಂತ್ರ ನೆನಪಿಡುವುದಿಲ್ಲ, ಬೇರೆಲ್ಲೋ ಬರೆದಿಟ್ಟಿರಬೇಕು. ರೆಡ್ ಹ್ಯಾಟ್‌ನವರ ಆರ್‌ಪಿಎಂ ತಾನು ಹಾಕಿದ ಪ್ರತಿ ಫೈಲಿನ ಒಡೆಯ ಮತ್ತು ಅನುಮತಿಯನ್ನು ದಾಖಲಿಸಿಕೊಳ್ಳುತ್ತದೆ, ಕೇಳಿದರೆ ಹಾಗೆಯೇ ಮತ್ತೆ ಕೂರಿಸುತ್ತದೆ. ಆಪಲ್ ಕಂಪ್ಯೂಟರುಗಳಲ್ಲೂ ಅನುಮತಿ ರಿಪೇರಿಯ ಗುಂಡಿಯೊಂದು ಬಹುಕಾಲ ಇತ್ತು. 2015ರಲ್ಲಿ ವ್ಯವಸ್ಥೆಯ ಫೈಲುಗಳಿಗೇ ಕಾವಲು ಹಾಕಿ ಅದನ್ನು ತೆಗೆದರು. ದೊಡ್ಡವರೂ ಎಡವಿದ್ದಾರೆ ಎಂಬುದು ನಮಗೆ ಸ್ವಲ್ಪ ಸಮಾಧಾನ: 2018ರ ಫೆಬ್ರವರಿಯಲ್ಲಿ ಎನ್‌ಪಿಎಂನ 5.7.0 ಆವೃತ್ತಿಯನ್ನು ಸುಡೊ ಜೊತೆ ಓಡಿಸಿದವರ ವ್ಯವಸ್ಥೆಯ ಫೈಲುಗಳ ಒಡೆತನವೇ ಬದಲಾಯಿತು. ಬೇಗನೆ 5.7.1 ಬಂತು.

ನಮ್ಮದು ಡೆಬಿಯನ್ ಬಗೆಯದು. ಅದರಲ್ಲಿ ಆರ್‌ಪಿಎಂನಂಥ ಅನುಕೂಲವಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಹಳೆಯ ಡಿಸ್ಕನ್ನು ಜೋಡಿಸಿ, ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ಚ್‌ಮೋಡ್ ಬದಲಿಸುವುದು ಅನುಮತಿಯನ್ನು ಮಾತ್ರ, ಒಳಗಿನ ಬರಹವನ್ನಲ್ಲ. ದಾಖಲೆ ಪುಸ್ತಕಗಳ ಒಂದು ಪುಟವೂ ಹೋಗಿರಲಿಲ್ಲ. ವ್ಯವಸ್ಥೆಯನ್ನು ಹೊಸದಾಗಿ ಹಾಕಿ, ಪಾಸ್‌ವರ್ಡ್‌ಗಳನ್ನು ಬದಲಿಸಿದೆವು. ಗಾಯನವೃಂದಕ್ಕೆ ಒಂದು ಗುಂಪು ಮಾಡಿ, ಹಾಡುಗಳ ಫೋಲ್ಡರಿಗೆ ಈಗ 775 ಕೊಟ್ಟಿದ್ದೇವೆ.