ಅಬಿಂಗ್ಡನ್ನಿನ ಕಾರುಗಳೂ ನಮ್ಮ ಆಫೀಸಿನ ಅಂಬಾಸಡರೂ

ಸೇವೆಗೆ ಸೇರಿದ ಹೊಸತರಲ್ಲಿ ನಾವು ಕಛೇರಿಯ ವಾಹನ ವಿಭಾಗದಲ್ಲಿ ಗುಮಾಸ್ತರಾಗಿದ್ದೆವು. 2006ರಲ್ಲಿ ಒಂದು ಹಳೆಯ ಬಿಳಿ ಅಂಬಾಸಡರ್ ಕಾರನ್ನು ‘ದುರಸ್ತಿಗೆ ಯೋಗ್ಯವಲ್ಲ’ವೆಂದು ತೀರ್ಮಾನಿಸುವ ಕಡತ ನಮ್ಮ ಮೇಜಿಗೆ ಬಂತು. ಓಡಿದ ಕಿಲೋಮೀಟರು, ಕಳೆದ ವರ್ಷ, ರಿಪೇರಿಯ ಅಂದಾಜು ವೆಚ್ಚ ಇವಿಷ್ಟನ್ನೂ ಕಲಮುಗಳಲ್ಲಿ ತುಂಬಿ, ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆವು. ಇಪ್ಪತ್ತು ನಿಮಿಷದ ಕೆಲಸ. ಹರಾಜಾದ ದಿನ, ಆ ಗಾಡಿಯನ್ನು ಹದಿನಾಲ್ಕು ವರ್ಷ ಓಡಿಸಿದ್ದ ಚಾಲಕ ಬಂದು, “ಸಾಹೇಬರೇ, ಎಂಜಿನ್ ಇನ್ನೂ ಚೆನ್ನಾಗಿಯೇ ಇತ್ತಲ್ಲ” ಎಂದು ಹಿಂದಿಯಲ್ಲಿ ಹೇಳಿ ಹೊರಟುಹೋದ. ನಾವು ಉತ್ತರ ಕೊಡಲಿಲ್ಲ. ಆದರೆ ಆ ಎಂಜಿನ್ನಿನ ಕುಲಗೋತ್ರ ವಿಚಾರಿಸುತ್ತ ಹೋದಾಗ ಇಂಗ್ಲೆಂಡಿನ ಒಂದು ಸಣ್ಣ ಊರಿನ ಕತೆ ನಮ್ಮ ಕೈಗೆ ಬಂತು.

ಆಕ್ಸ್‌ಫರ್ಡ್ ನಗರದಲ್ಲಿ ವಿಲಿಯಂ ಮೋರಿಸ್ ಎಂಬಾತನಿಗೆ ‘ಮೋರಿಸ್ ಗ್ಯಾರೇಜಸ್’ ಎಂಬ ಮಾರಾಟದ ಮಳಿಗೆಯಿತ್ತು. 1922ರಲ್ಲಿ ಅದರ ವ್ಯವಸ್ಥಾಪಕನಾದ ಸೆಸಿಲ್ ಕಿಂಬರ್, ಮೋರಿಸ್ ಕಂಪನಿಯ ಸಾಧಾರಣ ಕಾರುಗಳಿಗೆ ಚಂದದ ಹಗುರವಾದ ಮೈ ಕಟ್ಟಿಸಿ ಮಾರತೊಡಗಿದ. ಮಳಿಗೆಯ ಹೆಸರಿನ ಮೊದಲ ಎರಡು ಅಕ್ಷರಗಳೇ ‘ಎಂ.ಜಿ.’ ಆದವು. 1929ರಲ್ಲಿ ಕಾರ್ಖಾನೆ ಸಮೀಪದ ಅಬಿಂಗ್ಡನ್ ಊರಿಗೆ ಹೋಯಿತು. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ರಫ್ತು ಮಾಡುವವರಿಗೇ ಉಕ್ಕು ಎಂಬ ನೀತಿ ಜಾರಿಯಲ್ಲಿತ್ತು. ಆಗ 1945ರಿಂದ 1949ರವರೆಗೆ ತಯಾರಾದ ‘ಟಿ.ಸಿ.’ ಮಾದರಿಯ ಹತ್ತು ಸಾವಿರ ಕಾರುಗಳಲ್ಲಿ ಸುಮಾರು ಎರಡು ಸಾವಿರ ಅಮೆರಿಕೆಗೆ ಹೋದವು. ಬಲಬದಿಯ ಸ್ಟಿಯರಿಂಗ್, ಮರದ ಚೌಕಟ್ಟಿನ ಮೈ, ತಂತಿಯ ಚಕ್ರ. ಆದರೂ ಅಮೆರಿಕದ ತರುಣರು ಮರುಳಾದರು. ಆಮೇಲೆ ‘ಎಂ.ಜಿ.ಎ.’ (1955–62), ಅದರ ಬೆನ್ನಿಗೆ ‘ಎಂ.ಜಿ.ಬಿ.’ (1962–80) ಬಂದವು. ಎರಡನೆಯದು ಐದು ಲಕ್ಷಕ್ಕೂ ಹೆಚ್ಚು ಖರ್ಚಾಯಿತು.

ಇಂಥ ಕಾರುಗಳನ್ನು ಕೊಂಡವರು ಶ್ರೀಮಂತರೇ ಆಗಿರಲಿಲ್ಲ. ಹಳತಾದ ಮೇಲೆ ಕಡಿಮೆ ಬೆಲೆಗೆ ಕೊಂಡು, ಮನೆಯ ಹಿತ್ತಿಲಲ್ಲಿ ಬಿಚ್ಚಿ ಜೋಡಿಸಿಕೊಂಡವರೇ ಬಹಳ. ಅವರಿಗೆ ಗುರುವಾಗಿ ಬಂದದ್ದು ಒಂದು ಪುಸ್ತಕ. ಬ್ರಿಟಿಷ್ ವಾಯುಪಡೆಯಲ್ಲಿದ್ದ ಜಾನ್ ಹೇನ್ಸ್ ಎಂಬುವನು 1965ರಲ್ಲಿ, ಅಂದು ಬ್ರಿಟಿಷರ ವಶದಲ್ಲಿದ್ದ ಏಡನ್ನಿನಲ್ಲಿ, ಸಹೋದ್ಯೋಗಿಯೊಬ್ಬನ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನ ಎಂಜಿನ್ ಬಿಚ್ಚಿ ಕಟ್ಟಲು ನೆರವಾದ. ಅದೂ ಅಬಿಂಗ್ಡನ್ನಿನಲ್ಲೇ ಜೋಡಿಸಿದ ಕಾರು. ಕಂಪನಿಯ ಕೈಪಿಡಿ ಸಾಮಾನ್ಯರಿಗೆ ಪ್ರಯೋಜನವಿಲ್ಲವೆಂದು ಕಂಡು, ಬಿಚ್ಚುವ ಪ್ರತಿ ಹಂತದ ಛಾಯಾಚಿತ್ರ ತೆಗೆಸಿ, 1966ರಲ್ಲಿ ತನ್ನದೇ ಕೈಪಿಡಿ ಪ್ರಕಟಿಸಿದ. ಹೇನ್ಸ್ ಕೈಪಿಡಿಗಳು ಮುಂದೆ ಲೋಕಪ್ರಸಿದ್ಧವಾದವು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ನಮ್ಮವರು. ಹಳೆಯ ಕಾರು ಬಿಚ್ಚಿ ನೋಡು ಎಂದು ಸೇರಿಸಿದರೂ ತಪ್ಪಾಗಲಾರದು. ಟಿ.ಸಿ. ಎಂಜಿನ್ನಿನ ಬೋಲ್ಟುಗಳನ್ನೇ ನೋಡಿ. ಅದನ್ನು ತಯಾರಿಸಿದ ಮೋರಿಸ್ ಎಂಜಿನ್ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದಾಗಿತ್ತು; ಯಂತ್ರಗಳೆಲ್ಲ ಮೆಟ್ರಿಕ್ ಅಳತೆಯವು. ಇಂಗ್ಲಿಷ್ ಮೆಕ್ಯಾನಿಕ್ಕಿನ ಕೈಯಲ್ಲಿದ್ದುದೋ ವಿಟ್‌ವರ್ತ್ ಸ್ಪ್ಯಾನರು. ಅದಕ್ಕಾಗಿ ಸುತ್ತು ಮೆಟ್ರಿಕ್ ಇಟ್ಟು, ತಲೆಯನ್ನು ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು. ದೇಹ ಫ್ರಾನ್ಸಿನದು, ತಲೆ ಇಂಗ್ಲೆಂಡಿನದು! ಇದು ತಿಳಿಯದೆ ಕೈಗೆ ಸಿಕ್ಕ ಬೋಲ್ಟನ್ನು ತಿರುಗಿಸಿದವನು ಎಂಜಿನ್ನನ್ನೇ ಕೆಡಿಸಿಕೊಳ್ಳುತ್ತಾನೆ.

ಎಂ.ಜಿ.ಬಿ.ಯ ಶತ್ರು ತುಕ್ಕು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪುನೀರು ಸಂದುಗಳಲ್ಲಿ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ತಗಡುಗಳು ಒಳಗಿನಿಂದಲೇ ಸೀಳುತ್ತವೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಮೇಲೆ ಗಟ್ಟಿ ಮಾಡೂ ಇಲ್ಲದ್ದರಿಂದ ಭಾರದ ಬಹುಪಾಲು ಬಾಗಿಲ ಕೆಳಗಿನ ಹೊಸ್ತಿಲ ಮೇಲೆ ಬೀಳುತ್ತದೆ. ತುಕ್ಕು ಹಿಡಿದ ಹೊಸ್ತಿಲುಗಳನ್ನು ಅವಸರದಲ್ಲಿ ಎರಡೂ ಕಡೆ ಕತ್ತರಿಸಿದರೆ ಕಾರು ನಡುವೆ ಕುಸಿಯುತ್ತದೆ. ಆಮೇಲೆ ಬಾಗಿಲುಗಳು ಜನ್ಮದಲ್ಲಿ ಕೂಡುವುದಿಲ್ಲ. ಬಲ್ಲವರು ಮೊದಲು ಬಾಗಿಲ ತೆರಪಿಗೆ ಅಡ್ಡಪಟ್ಟಿ ಬೆಸೆದು, ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಬಳಿದರೆ ಅದು ಕಬ್ಬಿಣದ ಫಾಸ್ಫೇಟ್ ಆಗಿ ನಿಲ್ಲುತ್ತದೆ. ಬಿ.ಎಸ್‌ಸಿ. ಓದಿದ ನಮಗೆ ಇದನ್ನು ತಿಳಿದಾಗ ಪ್ರಯೋಗಶಾಲೆಯ ವಾಸನೆ ಮೂಗಿಗೆ ಬಡಿದಂತಾಯಿತು.

ಇನ್ನು ಆ ಊರಿಗೆ ಆದದ್ದನ್ನು ಹೇಳಬೇಕು. 1979ರ ಸೆಪ್ಟೆಂಬರಿನಲ್ಲಿ ಅಬಿಂಗ್ಡನ್ ಜನ ಕಾರ್ಖಾನೆಯ ಐವತ್ತನೆಯ ವರ್ಷದ ಉತ್ಸವ ಆಚರಿಸಿದರು. ಸಡಗರ ಮುಗಿದೊಡನೆಯೇ, 10ನೆಯ ತಾರೀಖು ಸೋಮವಾರ, ಒಡೆಯರಾದ ಬ್ರಿಟಿಷ್ ಲೇಲ್ಯಾಂಡ್ ಕಂಪನಿಯಿಂದ ಮುಚ್ಚುವ ಸುದ್ದಿ ಬಂತು. ನಷ್ಟದ ಲೆಕ್ಕ ಮೇಲಿನವರ ಕೈಯಲ್ಲಿತ್ತು. 1980ರ ಅಕ್ಟೋಬರಿನಲ್ಲಿ ಕೊನೆಯ ಕಾರು ಹೊರಬಂತು. ಕಾರ್ಖಾನೆ ಸತ್ತರೂ ಹಿತ್ತಿಲಿನ ಭಕ್ತರು ಕೈಬಿಡಲಿಲ್ಲ. ಅವರ ಬೇಡಿಕೆ ಕಂಡು 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಬಳಸಿ ಎಂ.ಜಿ.ಬಿ.ಯ ಪೂರ್ತಿ ಮೈಯನ್ನು ಮತ್ತೆ ತಯಾರಿಸಿತು. ಉತ್ಪಾದನೆ ನಿಂತು ಎಂಟು ವರ್ಷವಾದ ಕಾರಿಗೆ ಹೊಸ ಮೈ!

ಇಲ್ಲಿ ಒಂದು ಜಿಜ್ಞಾಸೆ ಹುಟ್ಟುತ್ತದೆ. ಹೊಸ ಮೈ ತೊಡಿಸಿದ ಕಾರು ಹಳೆಯದೇ? ಅಲ್ಲವೆನ್ನುವವರು ಮಾಸಿದ ಬಣ್ಣ, ಸವೆದ ಸೀಟುಗಳನ್ನು ಹಾಗೆಯೇ ಕಾಪಾಡಿಕೊಳ್ಳುತ್ತಾರೆ. ಹೌದೆನ್ನುವವರು ಕಾರು ಇರುವುದು ಓಡಲಿಕ್ಕೆ ಎನ್ನುತ್ತಾರೆ. ಇತ್ತ ಎಂ.ಜಿ. ಎಂಬ ಹೆಸರು ಮಾತ್ರ 2005ರಲ್ಲಿ ಚೀನೀಯರ ಪಾಲಾಯಿತು. 2019ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾದ ಕಾರುಗಳ ಮೇಲೆ ನಮ್ಮ ಬೀದಿಗಳಲ್ಲೂ ಕಾಣಿಸಿಕೊಂಡಿತು. ಹೆಸರು ಉಳಿಸಿದವರು ಒಬ್ಬರು, ಕಾರು ಉಳಿಸಿದವರು ಇನ್ನೊಬ್ಬರು. ನಮ್ಮ ಓಟು ಹಿತ್ತಿಲಿನವರಿಗೆ.

ಕೊನೆಗೆ ಆ ಅಂಬಾಸಡರಿನ ಮಾತು. ಮೋರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ಆ ಕಾರಿನಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ‘ಬಿ ಸೀರೀಸ್’ ವಂಶದ್ದು. ಎಂ.ಜಿ.ಎ. ಮೊದಲು ಹೊರಬಂದಾಗ ಅದರಲ್ಲಿದ್ದದ್ದೂ ಅದೇ ವಂಶದ 1489 ಸಿ.ಸಿ. ಎಂಜಿನ್! ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ ಅದರ ದೊಡ್ಡಣ್ಣ. ಅಲ್ಲಿ ಜನ ರಾತ್ರಿ ನಿದ್ದೆಗೆಟ್ಟು ಕಾಪಾಡಿದ್ದನ್ನು ಇಲ್ಲಿ ನಾವು ಇಪ್ಪತ್ತು ನಿಮಿಷದಲ್ಲಿ ಗುಜರಿಗೆ ಬರೆದುಕೊಟ್ಟಿದ್ದೆವು. ಸರಕಾರದ ದುಡ್ಡಿನಲ್ಲಿ ಹವ್ಯಾಸ ನಡೆಯದು, ನಿಜ. ಇಂದು ಅಂಥ ಕಡತ ಬಂದರೂ ಬಹುಶಃ ಅದೇ ಟಿಪ್ಪಣಿಯನ್ನೇ ಬರೆಯುತ್ತೇವೆ. ಆದರೆ ಬರೆಯುವ ಮೊದಲು ಕೆಳಗಿಳಿದು ಹೋಗಿ, ಚಾಲಕನನ್ನು ಕರೆದು, ಬಾನೆಟ್ ಎತ್ತಿಸಿ ಒಮ್ಮೆ ನೋಡುತ್ತೇವೆ.