ಶೆಡ್ಯೂಲ್ ಮಾಡಿದ ಬರಹ ಹೇಳಿದ ಹೊತ್ತಿಗೆ ಬರುತ್ತಾ?

ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆಯಂಥ ಊರಿನ ಮದ್ರಸವೋ ಯುವಕರ ಸಂಘವೋ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ನಡೆಸುತ್ತಿದ್ದರೆ, ರಂಝಾನ್‌ನಲ್ಲಿ ನಾಳೆಯ ಸಹರಿ-ಇಫ್ತಾರ್ ಸಮಯವನ್ನು ರಾತ್ರಿಯೇ ಬರೆದಿಟ್ಟು, ಬೆಳಗ್ಗಿನ ಜಾವ ತಾನಾಗಿ ಪ್ರಕಟವಾಗುವಂತೆ ಮಾಡಬಹುದು. ಇದಕ್ಕೇ 'ಶೆಡ್ಯೂಲ್' ಎನ್ನುವುದು.

ಮುಂದಿನ ದಿನಾಂಕ, ಸಮಯ ಕೊಟ್ಟ ಕೂಡಲೇ 'ಪಬ್ಲಿಷ್' ಬಟನ್ 'ಶೆಡ್ಯೂಲ್' ಎಂದು ಬದಲಾಗುತ್ತದೆ. ಅದನ್ನು ಒತ್ತಿದರೆ ಕೆಲಸ ಮುಗಿಯಲಿಲ್ಲ. ಶೆಡ್ಯೂಲ್ ಮಾಡಲು ಸಿದ್ಧವೇ ಎಂದು ಮತ್ತೊಮ್ಮೆ ಕೇಳುತ್ತದೆ. ಮುಗೀತು ಅಂದುಕೊಂಡು ಇಲ್ಲಿಗೇ ಎದ್ದು ಹೋದರೆ ಬರಹ ಡ್ರಾಫ್ಟ್ ಆಗಿಯೇ ಉಳಿಯುತ್ತದೆ. ಎರಡನೇ ಸಲ ಒತ್ತಿದ ಮೇಲೆ, ಯಾವ ದಿನ ಎಷ್ಟು ಗಂಟೆಗೆ ಪ್ರಕಟವಾಗುತ್ತದೆ ಎಂಬ ಖಾತ್ರಿ ಸಂದೇಶ ಬರಬೇಕು.

ಆ ಸಂದೇಶದ ಗಂಟೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸೈಟ್‌ನ ಸೆಟ್ಟಿಂಗ್ಸ್‌ನಲ್ಲಿ ಸಮಯವಲಯ 'ಯುಟಿಸಿ' ಎಂದೇ ಇದ್ದರೆ, 4 ಗಂಟೆಗೆ ಎಂದು ಕೊಟ್ಟದ್ದು ನಮ್ಮಲ್ಲಿ 9.30ಕ್ಕೆ ಬರುತ್ತದೆ. ಅಷ್ಟರಲ್ಲಿ ಸಹರಿ ಮುಗಿದು ಮಕ್ಕಳು ಶಾಲೆಗೂ ಹೊರಟಿರುತ್ತಾರೆ! ಅಲ್ಲಿ 'ಕೋಲ್ಕತಾ' ಆರಿಸಿದರೆ ಭಾರತದ ಸಮಯ ಸಿಗುತ್ತದೆ. ದುಬೈಯಲ್ಲಿ ಕೂತು ಊರಿನ ಸೈಟ್ ನೋಡಿಕೊಳ್ಳುವವರಿಗೂ ಲೆಕ್ಕ ಸೈಟ್‌ನ ಗಡಿಯಾರದ್ದೇ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ.

ಇನ್ನೊಂದು ತೊಡಕು: ಯಾರಾದರೂ ಸೈಟ್ ತೆರೆದಾಗಲೇ ವರ್ಡ್‌ಪ್ರೆಸ್ ಹೊತ್ತು ನೋಡುವುದು. ಆ ಜಾವದಲ್ಲಿ ಯಾರೂ ಬಾರದಿದ್ದರೆ ಬರಹ ತಡವಾಗುತ್ತದೆ. ಸರ್ವರ್‌ನಲ್ಲೇ ಕ್ರಾನ್ ಹಾಕಿಸಿಕೊಳ್ಳುವುದು ಒಳ್ಳೆಯದು.

ಪೆರ್ನಾಲ್ ಶುಭಾಶಯ ಮಾತ್ರ ಶೆಡ್ಯೂಲ್ ಬೇಡ, ಡ್ರಾಫ್ಟ್‌ನಲ್ಲಿರಲಿ. ಚಂದ್ರದರ್ಶನದ ಘೋಷಣೆ ಬಂದ ಮೇಲೆ ಕೈಯಾರೆ ಪ್ರಕಟಿಸಿ.