ಬಾಯ್ಸಿಯ ಬಾಸ್ಕ್ ಬ್ಲಾಕ್

ಅಮೆರಿಕದ ಐಡಹೊ ರಾಜ್ಯದ ರಾಜಧಾನಿ ಬಾಯ್ಸಿಯ ನಡುಪೇಟೆಯಲ್ಲಿ ಕ್ಯಾಪಿಟಲ್ ಬುಲೆವಾರ್ಡ್ ಮತ್ತು 6ನೇ ಬೀದಿಗಳ ನಡುವೆ ಬರುವ ಗ್ರೋವ್ ಬೀದಿಯ ಭಾಗಕ್ಕೆ ಬಾಸ್ಕ್ ಬ್ಲಾಕ್ ಎಂದು ಹೆಸರು. ಒಂದೇ ಅಡ್ಡರಸ್ತೆಯಷ್ಟು ಉದ್ದದ ಜಾಗವಾದರೂ ಅಮೆರಿಕದ ಬಾಸ್ಕ್ ಜನರ ಇತಿಹಾಸ ಇಷ್ಟು ಒತ್ತಾಗಿ ಉಳಿದಿರುವ ಸ್ಥಳ ವಿರಳ.

ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಪಿರನೀಸ್ ಪರ್ವತಗಳ ಪಶ್ಚಿಮ ತುದಿ ಬಾಸ್ಕರ ನಾಡು. ಅವರ ಭಾಷೆ ಯೂಸ್ಕರಾ. ಜಗತ್ತಿನ ಯಾವ ಜೀವಂತ ಭಾಷೆಯೊಂದಿಗೂ ಅದರ ನಂಟು ಸಾಬೀತಾಗಿಲ್ಲ. 19ನೇ ಶತಮಾನದ ಕೊನೆಯಿಂದ ಐಡಹೊಗೆ ಬಂದವರಲ್ಲಿ ಬಿಸ್ಕಾಯಾ ಪ್ರಾಂತದವರೇ ಹೆಚ್ಚು. ಊರಿನಲ್ಲಿ ಬೇಸಾಯ, ಮೀನುಗಾರಿಕೆ ಮಾಡಿಕೊಂಡಿದ್ದ ತರುಣರು ಇಲ್ಲಿ ಕುರಿಗಾಹಿಗಳಾದರು. ಇಂಗ್ಲಿಷ್ ಬಾರದವನಿಗೂ ಸಿಗುವ ಕೆಲಸ ಅದು. ತಿಂಗಳುಗಟ್ಟಲೆ ಬೆಟ್ಟಗಳಲ್ಲಿ ಒಂಟಿಯಾಗಿದ್ದ ಅವರು ಆಸ್ಪೆನ್ ಮರಗಳ ತೊಗಟೆಯ ಮೇಲೆ ತಮ್ಮ ಹೆಸರು, ಊರು ಕೊರೆದು ಹೋದರು.

ಬೆಟ್ಟದಿಂದ ಇಳಿದವರಿಗೆ ಆಸರೆಯಾದದ್ದು ವಸತಿಗೃಹಗಳು. ಚಳಿಗಾಲದ ತಂಗುದಾಣ, ಅಂಚೆ ವಿಳಾಸ, ಕಾಯಿಲೆ ಬಿದ್ದಾಗಿನ ಆರೈಕೆ, ದುಭಾಷಿ ಎಲ್ಲವೂ ಅಲ್ಲೇ. ಅಲ್ಲಿ ಕೆಲಸಕ್ಕಿದ್ದ ಬಾಸ್ಕ್ ಹೆಣ್ಣುಮಕ್ಕಳನ್ನು ಕುರಿಗಾಹಿಗಳು ಮದುವೆಯಾಗಿ ನೆಲೆನಿಂತದ್ದೂ ಉಂಟು. ಇವುಗಳಲ್ಲಿ ಮುಖ್ಯವಾದುದು 1864ರಲ್ಲಿ ವ್ಯಾಪಾರಿ ಸೈರಸ್ ಜೇಕಬ್ಸ್ ಕಟ್ಟಿಸಿದ ಇಟ್ಟಿಗೆ ಮನೆ. ಬಾಯ್ಸಿಯಲ್ಲಿ ಉಳಿದಿರುವ ಇಟ್ಟಿಗೆ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು. 1910ರಲ್ಲಿ ಬಾಸ್ಕ್ ವಸತಿಗೃಹವಾದ ಇದನ್ನು 1917ರಿಂದ ಊಬೆರುವಾಗಾ ಕುಟುಂಬ ನಡೆಸಿತು. 1969ರವರೆಗೂ ಇಲ್ಲಿ ಬಾಡಿಗೆದಾರರಿದ್ದರು. ಅದೇ ಬೀದಿಯಲ್ಲಿ 1914ರ ಆಂಡುಯಿಸಾ ವಸತಿಗೃಹವಿದೆ. ಅದರೊಳಗಿನ ಫ್ರಾಂಟನ್ ಅಂಗಳದಲ್ಲಿ ಎತ್ತರದ ಗೋಡೆಗೆ ಚೆಂಡು ಹೊಡೆದು ಆಡುವ ಬಾಸ್ಕ್ ಆಟ ಇಂದಿಗೂ ನಡೆಯುತ್ತದೆ.

1924ರ ವಲಸೆ ಕಾನೂನು ಹೊಸಬರ ಬರುವಿಕೆಯನ್ನು ತಗ್ಗಿಸಿತು. 1934ರ ಟೇಲರ್ ಹುಲ್ಲುಗಾವಲು ಕಾಯ್ದೆ ಸ್ವಂತ ಜಮೀನಿಲ್ಲದ ಅಲೆಮಾರಿ ಕುರಿಗಾಹಿಗಳ ದಾರಿ ಮುಚ್ಚಿತು. ಅಷ್ಟರಲ್ಲಿ ಬಾಸ್ಕರು ನಗರದವರೇ ಆಗಿದ್ದರು. 1949ರಲ್ಲಿ ಯೂಸ್ಕಲ್ದುನಾಕ್ ಎಂಬ ಸಂಘ ಹುಟ್ಟಿತು, ಅದರ ಬಾಸ್ಕ್ ಸೆಂಟರ್ ಈ ಬೀದಿಯಲ್ಲೇ ಎದ್ದಿತು. 1960ರಲ್ಲಿ ಆರಂಭವಾದ ಓಯಿಂಕಾರಿ ನೃತ್ಯ ತಂಡ ಸಿಯಾಟಲ್ ಮತ್ತು ನ್ಯೂಯಾರ್ಕ್ ವಿಶ್ವಮೇಳಗಳಲ್ಲಿ ಕುಣಿಯಿತು.

ನಗರ ನವೀಕರಣದ ಹೆಸರಿನಲ್ಲಿ ಬಾಯ್ಸಿಯ ಹಳೆಯ ಕಟ್ಟಡಗಳು ಸಾಲುಸಾಲಾಗಿ ನೆಲಕ್ಕುರುಳಿದ ಕಾಲದಲ್ಲೂ ಜೇಕಬ್ಸ್ ಮನೆ ಉಳಿದದ್ದು ದೊಡ್ಡ ಭಾಗ್ಯ. 1980ರ ದಶಕದಲ್ಲಿ ಅದನ್ನು ಕೊಂಡು ಕಾಪಾಡಿದವರು ಅಡೀಲಿಯಾ ಗಾರೊ ಸಿಂಪ್ಲಾಟ್. ಅದರಿಂದಲೇ 1985ರಲ್ಲಿ ಬಾಸ್ಕ್ ವಸ್ತುಸಂಗ್ರಹಾಲಯ ಮತ್ತು ಸಾಂಸ್ಕೃತಿಕ ಕೇಂದ್ರ ಮೂಡಿತು. ಬಾಸ್ಕರ ಸ್ವಾತಂತ್ರ್ಯದ ಸಂಕೇತವಾದ ಗೆರ್ನಿಕಾ ಓಕ್ ಮರದ ಸಂತತಿಯ ಗಿಡವನ್ನು ಮನೆಯ ಅಂಗಳದಲ್ಲಿ ಬೆಳೆಸಲಾಗಿದೆ. 1991ರಲ್ಲಿ ಶುರುವಾದ ಬಾರ್ ಗೆರ್ನಿಕಾ ಬ್ಲಾಕ್‌ನ ಮೂಲೆಯಲ್ಲಿದೆ. 1998ರಲ್ಲಿ ಮಕ್ಕಳಿಗೆ ಯೂಸ್ಕರಾದಲ್ಲೇ ಕಲಿಸುವ ಶಿಶುವಿಹಾರವೂ ಬಾಯ್ಸಿಯಲ್ಲಿ ಆರಂಭವಾಯಿತು. ಅಜ್ಜಿತಾತಂದಿರ ನುಡಿ ಮೊಮ್ಮಕ್ಕಳ ಬಾಯಿಗೆ ಮರಳಿದ್ದು ಇಂಥ ದುಡಿಮೆಯಿಂದ.

ಬಾಸ್ಕ್ ಮೂಲದವರಾದ, ಯೂಸ್ಕರಾ ಬಲ್ಲ ಡೇವ್ ಬೀಟರ್ 2004ರಿಂದ 2020ರವರೆಗೆ ಬಾಯ್ಸಿಯ ಮೇಯರ್ ಆಗಿದ್ದರು. 1987ರಲ್ಲಿ ಮೊದಲ ಬಾರಿ ನಡೆದ ಜೈಯಾಲ್ದಿ ಉತ್ಸವ 1990ರಿಂದ ಐದು ವರ್ಷಕ್ಕೊಮ್ಮೆ ಜುಲೈ ಕೊನೆಯ ಹೊತ್ತಿಗೆ ಈ ಬೀದಿಯನ್ನು ತುಂಬಿಸುತ್ತಿತ್ತು. 2020ರ ಉತ್ಸವ ಕೋವಿಡ್‌ನಿಂದ ನಿಂತುಹೋಯಿತು. ಅದು ಮತ್ತೆ ನಡೆದದ್ದು 2025ರಲ್ಲಿ.